ಸರದಿಯಾಟದಲ್ಲಿ ರಾಜ್ಯದ ಆಯವ್ಯಯ

ಚದುರಂಗದ ಹಾಸಿನ ಮೇಲೆ ಆಟ ಆರಂಭವಾಗುವಾಗ ಇಬ್ಬರು ಆಟಗಾರರಿಗೂ ಹದಿನಾರು ಹದಿನಾರು ಕಾಯಿಗಳಿರುತ್ತವೆ. ಆಟ ಸಾಗಿದಂತೆ ಅವುಗಳ ಸಂಖ್ಯೆ ಇಳಿಯುವುದೇ ಹೊರತು ಏರುವುದಿಲ್ಲ. ಅಳಿಗುಳಿಮಣೆಯಲ್ಲಿ ಹುಣಿಸೆಬೀಜಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತವೆ. ಆದರೆ ಒಟ್ಟು ಬೀಜಗಳ ಲೆಕ್ಕ ಬದಲಾಗುವುದಿಲ್ಲ. ಇವೆರಡಕ್ಕೂ ಭಿನ್ನವಾದ ಮೂರನೆಯ ಬಗೆಯ ಆಟವೊಂದಿದೆ. ಅದರಲ್ಲಿ ಆಟಗಾರನು ಬರಿಗೈಯಲ್ಲಿ ಎನ್ನುವಷ್ಟು ಅಲ್ಪ ಬಂಡವಾಳದಿಂದ ತೊಡಗಿ, ಊರು ಕಟ್ಟಿ, ಹೊಲ ಉಳಿಸಿ, ಬೊಕ್ಕಸ ತುಂಬಿಸಿ, ಕ್ರಮೇಣ ಒಂದು ರಾಜ್ಯವನ್ನೇ ಬೆಳೆಸಬೇಕಾಗುತ್ತದೆ. ಇಂತಹ ಆಟಗಳಲ್ಲಿ ಸೈನ್ಯದ ಚಾತುರ್ಯಕ್ಕಿಂತ ಆಯವ್ಯಯದ ವಿವೇಕವೇ ಹೆಚ್ಚಿನ ಸಲ ಜಯಾಪಜಯಗಳನ್ನು ನಿರ್ಣಯಿಸುತ್ತದೆ. ಗಣಕಯಂತ್ರದ ಮುಂದೆ ಮೊದಲ ಬಾರಿಗೆ ಕುಳಿತ ವಿದ್ಯಾರ್ಥಿಗೆ ಈ ಸಂಗತಿ ತಿಳಿಯುವುದು ಎರಡು ಮೂರು ಸಲ ರಾಜ್ಯ ಕಳೆದುಕೊಂಡ ಮೇಲೆಯೇ. ಅದನ್ನು ಮೊದಲೇ ತಿಳಿದುಕೊಳ್ಳಲು ನೆರವಾಗುವುದು ಈ ಲೇಖನದ ಉದ್ದೇಶ.

ಆಟದ ಹುಟ್ಟು ಮತ್ತು ಸ್ವರೂಪ

1980ರಲ್ಲಿ ಬ್ರಿಟನ್ನಿನ ಫ್ರಾನ್ಸಿಸ್ ಟ್ರೆಶಮ್ ಎಂಬವರು ‘ಸಿವಿಲೈಸೇಶನ್’, ಅಂದರೆ ನಾಗರಿಕತೆ, ಎಂಬ ಹೆಸರಿನ ಹಾಸಿನಾಟವೊಂದನ್ನು ಹೊರತಂದರು. 1991ರಲ್ಲಿ ಅಮೆರಿಕದ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಅವರು ಅದೇ ಹೆಸರಿನ ಗಣಕಯಂತ್ರದ ಆಟವನ್ನು ರೂಪಿಸಿದರು. ಕ್ರಿಸ್ತಪೂರ್ವ 4000ರಿಂದ ಆರಂಭವಾಗಿ ಅಂತರಿಕ್ಷಯುಗದವರೆಗೆ ಒಂದು ಜನಾಂಗದ ಏಳಿಗೆಯನ್ನು ನಡೆಸಿಕೊಂಡು ಹೋಗುವುದು ಅದರ ವಸ್ತು. ಈ ಆಟದಿಂದ ಪ್ರೇರಣೆ ಪಡೆದು ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು 1995ರ ಕೊನೆಯಲ್ಲಿ ‘ಫ್ರೀಸಿವ್’ ಎಂಬ ಆಟವನ್ನು ಬರೆಯತೊಡಗಿ 1996ರಲ್ಲಿ ಬಿಡುಗಡೆ ಮಾಡಿದರು. ಇದು ಯಾರು ಬೇಕಾದರೂ ಉಚಿತವಾಗಿ ಪಡೆದು, ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶ. ಶಾಲೆಗಳ ಹಳೆಯ ಗಣಕಯಂತ್ರಗಳಲ್ಲಿಯೂ ಅಡ್ಡಿಯಿಲ್ಲದೆ ನಡೆಯಬಲ್ಲ ಆಟವಾದುದರಿಂದ ಇಲ್ಲಿ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಈ ಆಟಕ್ಕೆ ಹಲವು ನಿಯಮಾವಳಿಗಳಿದ್ದು, ಮುಂದೆ ಕೊಡುವ ಅಂಕಿಗಳು ‘ಕ್ಲಾಸಿಕ್’ ಎಂಬ ನಿಯಮಾವಳಿಗೆ ಸೇರಿದವು.

ಇದು ಸರದಿಯಾಟ. ಒಬ್ಬೊಬ್ಬ ರಾಜನೂ ತನ್ನ ಆಜ್ಞೆಗಳನ್ನೆಲ್ಲ ಕೊಟ್ಟು ಮುಗಿಸಿದ ಮೇಲೆ ಸರದಿ ಮುಗಿಯುತ್ತದೆ. ಆಗ ಬೆಳೆ ಬರುತ್ತದೆ, ತೆರಿಗೆ ಸೇರುತ್ತದೆ, ಕಟ್ಟಡಗಳು ಮೇಲೇಳುತ್ತವೆ. ಕೈಚಳಕದ ಅವಸರ ಇಲ್ಲಿ ಬೇಕಿಲ್ಲ. ಯೋಚಿಸಲು ಬೇಕಾದಷ್ಟು ಅವಕಾಶವಿರುತ್ತದೆ. ಆದುದರಿಂದಲೇ ಸೋತವನು ‘ಸಮಯ ಸಾಲಲಿಲ್ಲ’ ಎಂಬ ನೆಪ ಹೇಳುವಂತಿಲ್ಲ.

ಮೂರು ಬಗೆಯ ಆದಾಯ

ರಾಜ್ಯದ ಅಡಿಪಾಯವೆಂದರೆ ಪಟ್ಟಣ. ಒಂದು ಪಟ್ಟಣಕ್ಕೆ ತನ್ನ ನೆಲೆಯೂ ಸೇರಿದಂತೆ ಸುತ್ತಲಿನ 21 ಭೂಭಾಗಗಳ ಮೇಲೆ ಹಕ್ಕಿರುತ್ತದೆ. ಪಟ್ಟಣದ ಒಬ್ಬ ಪ್ರಜೆ ಒಂದು ಭೂಭಾಗದಲ್ಲಿ ದುಡಿಯುತ್ತಾನೆ. ಹಾಗೆ ದುಡಿದಾಗ ದೊರೆಯುವ ಫಲ ಮೂರು ವಿಧ: ಆಹಾರ, ಉತ್ಪಾದನೆ ಮತ್ತು ವ್ಯಾಪಾರ. ಹುಲ್ಲುಗಾವಲು ಎರಡಂಶ ಆಹಾರವನ್ನು ಕೊಡುತ್ತದೆ. ಬಯಲು ಭೂಮಿ ಒಂದಂಶ ಆಹಾರವನ್ನೂ ಒಂದಂಶ ಉತ್ಪಾದನೆಯನ್ನೂ ಕೊಡುತ್ತದೆ. ಕಾಡು ಒಂದಂಶ ಆಹಾರವನ್ನೂ ಎರಡಂಶ ಉತ್ಪಾದನೆಯನ್ನೂ ಕೊಡುತ್ತದೆ. ಸಮುದ್ರ ಒಂದಂಶ ಆಹಾರವನ್ನೂ ಎರಡಂಶ ವ್ಯಾಪಾರವನ್ನೂ ಕೊಡುತ್ತದೆ.

ಪ್ರತಿಯೊಬ್ಬ ಪ್ರಜೆಯೂ ಪ್ರತಿ ಸರದಿಯಲ್ಲಿ ಎರಡಂಶ ಆಹಾರವನ್ನು ಉಣ್ಣುತ್ತಾನೆ. ಈ ಒಂದು ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲ ತಾನಾಗಿಯೇ ಸ್ಪಷ್ಟವಾಗುತ್ತದೆ. ಹುಲ್ಲುಗಾವಲಿನಲ್ಲಿ ದುಡಿಯುವವನು ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಳ್ಳುತ್ತಾನೆ, ಅಷ್ಟೆ. ಕಾಡಿಗೆ ಹೋದವನು ಮರಮುಟ್ಟು ತರುತ್ತಾನೆ. ಆದರೆ ಒಂದಂಶ ಅನ್ನಕ್ಕಾಗಿ ಇತರರನ್ನು ಅವಲಂಬಿಸುತ್ತಾನೆ. ಸಮುದ್ರಕ್ಕೆ ಹೋದವನು ಹಣ ತರುತ್ತಾನೆ. ಅವನಿಗೂ ಒಂದಂಶ ಕೊರತೆಯೇ. ಹೀಗೆ ಒಂದನ್ನು ಆರಿಸಿಕೊಂಡಾಗ ಇನ್ನೊಂದನ್ನು ಬಿಡಲೇಬೇಕಾಗುತ್ತದೆ. ಅರ್ಥಶಾಸ್ತ್ರಜ್ಞರು ಯಾವುದೇ ಆಯ್ಕೆಯ ನಿಜವಾದ ಬೆಲೆಯೆಂದರೆ ಅದಕ್ಕಾಗಿ ಕೈಬಿಟ್ಟ ಅತ್ಯುತ್ತಮ ಪರ್ಯಾಯವೇ ಎನ್ನುತ್ತಾರೆ. ಕಾಲೇಜು ತರಗತಿಯಲ್ಲಿ ಕಠಿಣವೆನಿಸುವ ಈ ತತ್ತ್ವ ಇಲ್ಲಿ ಕಾಡಿಗೂ ಹುಲ್ಲುಗಾವಲಿಗೂ ನಡುವೆ ಒಬ್ಬ ಪ್ರಜೆಯನ್ನು ಕಳಿಸುವ ಪ್ರಶ್ನೆಯಾಗಿ ಪ್ರತಿ ಸರದಿಯಲ್ಲಿಯೂ ಎದುರಾಗುತ್ತದೆ.

ಹೊಸಬರು ಪಟ್ಟಣದ ಈ ವಿವರವನ್ನು ತೆರೆದು ನೋಡುವುದೇ ಇಲ್ಲ. ಯಂತ್ರ ಹಂಚಿಕೊಟ್ಟಂತೆ ಬಿಟ್ಟುಬಿಡುತ್ತಾರೆ. ಆದರೆ ಯಂತ್ರಕ್ಕೆ ಆಟಗಾರನ ಉದ್ದೇಶ ತಿಳಿಯದು. ಜನಸಂಖ್ಯೆ ಬೆಳೆಯಬೇಕಾದ ಕಾಲದಲ್ಲಿ ಆಹಾರದ ಕಡೆಗೂ, ಕಟ್ಟಡ ಬೇಗ ಮುಗಿಯಬೇಕಾದ ಕಾಲದಲ್ಲಿ ಉತ್ಪಾದನೆಯ ಕಡೆಗೂ ಪ್ರಜೆಗಳನ್ನು ತಾನೇ ನಿಯೋಜಿಸುವುದು ಒಳ್ಳೆಯ ಆಟಗಾರನ ಮೊದಲ ಲಕ್ಷಣ.

ಉಣ್ಣುವುದಕ್ಕಿಂತ ಮೊದಲು ಬಿತ್ತನೆ

ರೈತನು ಬಿತ್ತನೆಯ ಬೀಜವನ್ನು ಎಷ್ಟೇ ಕಷ್ಟವಿದ್ದರೂ ಉಣ್ಣುವುದಿಲ್ಲ. ಆಟದ ಆರಂಭದಲ್ಲಿ ಈ ಬೀಜದ ಸ್ಥಾನದಲ್ಲಿರುವವರು ವಲಸಿಗರು. 30 ಅಂಶ ಉತ್ಪಾದನೆಯನ್ನು ವೆಚ್ಚ ಮಾಡಿ, ಪಟ್ಟಣದ ಒಬ್ಬ ಪ್ರಜೆಯನ್ನು ಕಳಿಸಿಕೊಟ್ಟರೆ ವಲಸಿಗರ ಒಂದು ತಂಡ ಸಿದ್ಧವಾಗುತ್ತದೆ; ಅದು ಹೋಗಿ ಹೊಸ ಪಟ್ಟಣವನ್ನು ಸ್ಥಾಪಿಸುತ್ತದೆ. ಹಳೆಯ ಪಟ್ಟಣ ಉಳಿಯಬೇಕಾದರೆ ಅಲ್ಲಿ ಕನಿಷ್ಠ ಇಬ್ಬರು ಪ್ರಜೆಗಳಾದರೂ ಇದ್ದಿರಬೇಕು. ಆದುದರಿಂದ ಮೊದಲು ಆಹಾರ, ಆ ಮೇಲೆ ವಲಸಿಗರು ಎಂಬ ಕ್ರಮ ಸಹಜವಾದುದು.

ಈ ಬಿತ್ತನೆಯ ಮಹತ್ತ್ವ ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಒಂದು ಪಟ್ಟಣವು 15 ಸರದಿಗಳಿಗೊಮ್ಮೆ ಒಂದು ಹೊಸ ಪಟ್ಟಣವನ್ನು ಹುಟ್ಟಿಸುತ್ತದೆಂದೂ, ಹೊಸದು ಕೂಡ ಹಾಗೆಯೇ ಮಾಡುತ್ತದೆಂದೂ ಇಟ್ಟುಕೊಳ್ಳೋಣ. 15ನೆಯ ಸರದಿಗೆ ಒಂದು ಎರಡಾಗುತ್ತದೆ. 30ಕ್ಕೆ ನಾಲ್ಕು, 45ಕ್ಕೆ ಎಂಟು, 60ಕ್ಕೆ ಹದಿನಾರು. ಇನ್ನೊಬ್ಬನು ಮೊದಲ 30 ಸರದಿಗಳನ್ನು ತನ್ನ ಏಕೈಕ ರಾಜಧಾನಿಯ ಶೃಂಗಾರದಲ್ಲಿ ಕಳೆದು ಆ ಮೇಲೆ ಬಿತ್ತನೆಗೆ ತೊಡಗಿದರೆ 60ನೆಯ ಸರದಿಗೆ ಅವನ ಬಳಿ ಇರುವುದು ನಾಲ್ಕೇ ಪಟ್ಟಣ. ತಡವಾದದ್ದು ಅರ್ಧ ಕಾಲ. ಆದರೆ ನಷ್ಟವಾದದ್ದು ಮುಕ್ಕಾಲು ರಾಜ್ಯ. ನಿಜವಾದ ಆಟದಲ್ಲಿ ಬೆಳವಣಿಗೆ ಇಷ್ಟು ನಿಯತವಾಗಿರುವುದಿಲ್ಲ. ಒಳ್ಳೆಯ ಭೂಮಿ ಮುಗಿಯುತ್ತದೆ, ನೆರೆಯವರು ಅಡ್ಡ ಬರುತ್ತಾರೆ. ಆದರೂ ಚಕ್ರಬಡ್ಡಿಯ ಈ ತತ್ತ್ವ ಸುಳ್ಳಾಗುವುದಿಲ್ಲ. ಆರಂಭದ ಒಂದು ಸರದಿ ಅಂತ್ಯದ ಹತ್ತು ಸರದಿಗಳಿಗಿಂತ ಬೆಲೆಯುಳ್ಳದ್ದು.

ಬಿತ್ತಿದ ಹೊಲಕ್ಕೆ ಬೇಲಿಯೂ ಬೇಕು. ಪ್ರತಿ ಪಟ್ಟಣದಲ್ಲಿಯೂ ಒಂದು ಕಾವಲುದಳ ಇರಲೇಬೇಕು. 30 ಅಂಶ ವೆಚ್ಚದಿಂದ ಕಟ್ಟಿದ ಊರನ್ನು 10 ಅಂಶದ ಕಾವಲಿಲ್ಲದೆ ಕಳೆದುಕೊಳ್ಳುವುದು ಮಿತವ್ಯಯವೆನಿಸದು, ಅದು ಅವಿವೇಕ.

ಭೂಮಿಯ ಸಾಗುವಳಿ

ಕೆಲಸಗಾರರ ತಂಡಗಳು ಭೂಮಿಗೆ ನೀರು ಹಾಯಿಸಬಲ್ಲವು, ರಸ್ತೆ ಹಾಕಬಲ್ಲವು, ಗಣಿ ತೋಡಬಲ್ಲವು. ನೀರಾವರಿಯಿಂದ ಆಹಾರ ಒಂದಂಶ ಹೆಚ್ಚುತ್ತದೆ. ಬಯಲು ಅಥವಾ ಹುಲ್ಲುಗಾವಲಿನಲ್ಲಿ ರಸ್ತೆಯಾದರೆ ವ್ಯಾಪಾರ ಒಂದಂಶ ಹೆಚ್ಚುತ್ತದೆ. ಆದರೆ ಇಲ್ಲಿ ಹೊಸಬರು ತಪ್ಪದೆ ಎಡವುವ ಒಂದು ಸೂಕ್ಷ್ಮವಿದೆ. ಆಟ ಆರಂಭವಾಗುವುದು ನಿರಂಕುಶ ಪ್ರಭುತ್ವದಲ್ಲಿ. ಆ ಪ್ರಭುತ್ವದಲ್ಲಿ ಯಾವುದೇ ಭೂಭಾಗ ಎರಡಂಶಕ್ಕಿಂತ ಹೆಚ್ಚು ಫಲ ಕೊಟ್ಟರೆ ಅದರಲ್ಲಿ ಒಂದಂಶ ನಷ್ಟವಾಗುತ್ತದೆ. ಹುಲ್ಲುಗಾವಲಿಗೆ ನೀರು ಹಾಯಿಸಿದರೆ ಎರಡು ಮೂರಾಗಿ, ಮೂರು ಮತ್ತೆ ಎರಡಾಗುತ್ತದೆ, ಶ್ರಮವೆಲ್ಲ ವ್ಯರ್ಥ. ಅದೇ ನೀರನ್ನು ಬಯಲು ಭೂಮಿಗೆ ಹಾಯಿಸಿದರೆ ಒಂದು ಎರಡಾಗುತ್ತದೆ. ಅಲ್ಲಿ ದುಡಿಯುವವನು ತನ್ನ ಅನ್ನವನ್ನು ತಾನೇ ಬೆಳೆದುಕೊಂಡು ಒಂದಂಶ ಉತ್ಪಾದನೆಯನ್ನೂ ತರುತ್ತಾನೆ. ರಾಜಪ್ರಭುತ್ವಕ್ಕೆ ಬದಲಾದ ಮೇಲೆ ಈ ದಂಡ ತೊಲಗುತ್ತದೆ. ಆಗ ಹುಲ್ಲುಗಾವಲಿನ ಸರದಿ. ಆಡಳಿತದ ರೀತಿಯನ್ನರಿಯದೆ ಮಾಡಿದ ಸಾಗುವಳಿ ಫಲಿಸದು ಎಂಬ ಮಾತಿಗೆ ಇದಕ್ಕಿಂತ ಸರಳ ನಿದರ್ಶನ ಬೇಕಿಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಪ್ರಜೆ ದುಡಿಯದ ಭೂಭಾಗದಿಂದ ಫಲವಿಲ್ಲ. ಮೂವರು ಪ್ರಜೆಗಳಿರುವ ಪಟ್ಟಣದ ಸುತ್ತ ಹತ್ತು ಭೂಭಾಗಗಳಿಗೆ ನೀರು ಹಾಯಿಸುವುದು, ಉಳುವವರಿಲ್ಲದ ಹೊಲಕ್ಕೆ ಗೊಬ್ಬರ ಸುರಿದಂತೆ.

ಬೊಕ್ಕಸದ ಲೆಕ್ಕ

ವ್ಯಾಪಾರದಿಂದ ಬಂದುದು ಮೂರು ಪಾಲಾಗುತ್ತದೆ: ಬೊಕ್ಕಸಕ್ಕೆ ಸೇರುವ ತೆರಿಗೆ, ಹೊಸ ವಿದ್ಯೆಗಳ ಸಂಶೋಧನೆ ಮತ್ತು ಪ್ರಜೆಗಳ ಸುಖಸೌಕರ್ಯ. ಯಾವುದಕ್ಕೆ ಶೇಕಡ ಎಷ್ಟು ಎಂಬುದನ್ನು ಹತ್ತರ ಮೆಟ್ಟಿಲುಗಳಲ್ಲಿ ರಾಜನೇ ಗೊತ್ತುಪಡಿಸುತ್ತಾನೆ. ನಿರಂಕುಶ ಪ್ರಭುತ್ವದಲ್ಲಿ ಯಾವ ಪಾಲೂ ಶೇಕಡ 60ನ್ನು ಮೀರುವಂತಿಲ್ಲ. ರಾಜಪ್ರಭುತ್ವದಲ್ಲಿ 70ರವರೆಗೂ, ಗಣರಾಜ್ಯದಲ್ಲಿ 80ರವರೆಗೂ, ಪ್ರಜಾಪ್ರಭುತ್ವದಲ್ಲಿ 90ರವರೆಗೂ ಏರಿಸಬಹುದು.

ಒಂದು ರಾಜ್ಯದ ವ್ಯಾಪಾರ ಪ್ರತಿ ಸರದಿಗೆ 20 ಅಂಶವಿದೆಯೆನ್ನೋಣ. ತೆರಿಗೆ ಶೇಕಡ 40, ವಿದ್ಯೆ ಶೇಕಡ 60 ಎಂದಿಟ್ಟರೆ ಬೊಕ್ಕಸಕ್ಕೆ 8 ಹೊನ್ನು, ವಿದ್ಯೆಗೆ 12 ಅಂಶ. ಈ ರಾಜನು ಎಂಟು ಪಟ್ಟಣಗಳಲ್ಲಿ ಎಂಟು ದೇಗುಲಗಳನ್ನು ಕಟ್ಟಿಸಿದರೆ, ದೇಗುಲವೊಂದರ ಪೋಷಣೆಗೆ ಸರದಿಗೊಂದು ಹೊನ್ನಿನಂತೆ, ಬಂದ ಎಂಟೂ ಅಲ್ಲಿಗೇ ಸಲ್ಲುತ್ತವೆ. ಒಂಬತ್ತನೆಯ ಕಟ್ಟಡ ಸಾಲದ ಬಾಗಿಲು. ಬೊಕ್ಕಸ ಬರಿದಾದ ದಿನ ಕಟ್ಟಿದ ಕಟ್ಟಡಗಳೇ ಒಂದೊಂದಾಗಿ ಮಾರಾಟವಾಗುತ್ತವೆ. ಕಟ್ಟುವ ವೆಚ್ಚ ಒಂದೇ ಸಲ. ಪೋಷಣೆಯ ವೆಚ್ಚ ಕಟ್ಟಡ ಇರುವವರೆಗೂ. ಮನೆ ಕಟ್ಟಿಸುವವರು, ಸಂಸ್ಥೆ ಸ್ಥಾಪಿಸುವವರು ಮರೆಯುವುದೂ ಇದನ್ನೇ.

ಹಾಗೆಂದು ಹೊನ್ನನ್ನು ಕೂಡಿಡುತ್ತಲೇ ಹೋಗುವುದೂ ತಪ್ಪು. ಬೊಕ್ಕಸದಲ್ಲಿ ಮಲಗಿದ ಹಣಕ್ಕೆ ಈ ಆಟದಲ್ಲಿ ಬಡ್ಡಿಯಿಲ್ಲ. ಆಪತ್ತಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಕೆಲಸಕ್ಕೆ ಹಚ್ಚಬೇಕು. ಅರ್ಧಕ್ಕೆ ನಿಂತ ಕಟ್ಟಡವನ್ನು ಹಣ ಕೊಟ್ಟು ಪೂರೈಸುವ ಅನುಕೂಲ ಇದೆ. ಆದರೆ ಅದರ ದರ ನೇರವಾಗಿ ಏರುವುದಿಲ್ಲ. ಉಳಿದ ಕೆಲಸದ ಎರಡರಷ್ಟಕ್ಕೆ, ಆ ಉಳಿದ ಅಂಕಿಯ ವರ್ಗದ ಇಪ್ಪತ್ತನೆಯ ಒಂದು ಭಾಗವನ್ನು ಕೂಡಿಸಿದರೆ ಬೆಲೆ ದೊರೆಯುತ್ತದೆ. 10 ಅಂಶ ಉಳಿದಿದ್ದರೆ 20ಕ್ಕೆ 5 ಸೇರಿ 25 ಹೊನ್ನು. 40 ಅಂಶ ಉಳಿದಿದ್ದರೆ 80ಕ್ಕೆ 80 ಸೇರಿ 160 ಹೊನ್ನು. ಕೆಲಸ ಇನ್ನೂ ಆರಂಭವಾಗದೆ ಇದ್ದರೆ ಇದರ ಇಮ್ಮಡಿ, ಅಂದರೆ 320. ನಾಲ್ಕರಷ್ಟು ಕೆಲಸಕ್ಕೆ ಹದಿಮೂರರಷ್ಟು ಬೆಲೆ! ಆದಕಾರಣ ಮೊದಲ ಸರದಿಯಲ್ಲಿ ಎಂದೂ ಕೊಳ್ಳಬಾರದು. ಮುಕ್ತಾಯದ ಹಂತದಲ್ಲಿರುವುದನ್ನು ಮಾತ್ರ ಕೊಳ್ಳಬೇಕು. ಆತುರಕ್ಕೆ ತೆರುವ ದಂಡ ಎಷ್ಟೆಂಬುದನ್ನು ಈ ಸೂತ್ರ ಅಂಕಿಗಳಲ್ಲಿಯೇ ತೋರಿಸಿಕೊಡುತ್ತದೆ.

ವೈಭವದ ಮೋಹ

ಆಟದಲ್ಲಿ ‘ಅದ್ಭುತ’ಗಳೆಂಬ ಮಹಾನಿರ್ಮಾಣಗಳಿವೆ. ಈಜಿಪ್ಟಿನ ಪಿರಮಿಡ್ಡುಗಳು, ಚೀನದ ಮಹಾಗೋಡೆ, ಅಲೆಗ್ಸಾಂಡ್ರಿಯದ ಗ್ರಂಥಭಂಡಾರ ಮೊದಲಾದುವು ಅವುಗಳಲ್ಲಿ ಸೇರಿವೆ. ಒಂದೊಂದನ್ನು ಜಗತ್ತಿನಲ್ಲಿ ಒಬ್ಬನೇ ಕಟ್ಟಬಹುದು. ಅವುಗಳ ಆಕರ್ಷಣೆ ಬಲು ಪ್ರಬಲ. ಎರಡೇ ಊರುಗಳುಳ್ಳ ರಾಜನು ಅದ್ಭುತಕ್ಕೆ ಕೈಹಾಕಿ, ಮುಗಿಯುವುದಕ್ಕೆ ಎರಡು ಸರದಿಗಳಿರುವಾಗ ದೂರದ ದೊಡ್ಡ ರಾಜ್ಯವೊಂದು ಅದನ್ನು ಮೊದಲೇ ಪೂರೈಸಿತೆಂಬ ವಾರ್ತೆ ಕೇಳಿ ನಿರಾಶನಾಗುವುದು ಈ ಆಟದ ಅತ್ಯಂತ ಸಾಮಾನ್ಯ ದುರಂತ. ಕೂಡಿಸಿದ ಶ್ರಮವನ್ನು ಇನ್ನೊಂದು ಅದ್ಭುತಕ್ಕೆ ತಿರುಗಿಸಿದರೆ ನಷ್ಟವಿಲ್ಲ. ಸಾಮಾನ್ಯ ಕಟ್ಟಡಕ್ಕೋ ಸೈನ್ಯಕ್ಕೋ ತಿರುಗಿಸಿದರೆ ಅರ್ಧ ಪಾಲು ಹೋಗುತ್ತದೆ.

ಇದಕ್ಕೆ ಒಳ್ಳೆಯ ಉಪಾಯವೆಂದರೆ ವರ್ತಕರ ತಂಡಗಳು. ಒಂದು ತಂಡದ ವೆಚ್ಚ 50 ಅಂಶ. ಅದು ಬೇರೆ ಊರಿನ ಅದ್ಭುತಕ್ಕೆ ಆ 50 ಅಂಶವನ್ನೂ ಹಾಗೆಯೇ ಒಪ್ಪಿಸಬಲ್ಲದು. ಎಂಟು ಊರುಗಳು ಒಂದೊಂದು ತಂಡವನ್ನು ಕಳಿಸಿದರೆ 400 ಅಂಶ ಒಟ್ಟುಗೂಡುತ್ತದೆ. ಒಂದೇ ಊರು ನೂರು ಸರದಿ ಹೆಣಗುವ ಕಾರ್ಯ ಹಲವು ಊರುಗಳ ಕೈಸೇರಿದಾಗ ಹಗುರಾಗುತ್ತದೆ. ಅಂದರೆ ಅದ್ಭುತವು ಸಮೃದ್ಧಿಯ ಫಲವಾಗಬೇಕು; ಸಮೃದ್ಧಿಗೆ ಅಡ್ಡದಾರಿಯಾಗಬಾರದು.

ಪ್ರಜೆಗಳ ನೆಮ್ಮದಿ

ಪಟ್ಟಣದ ಮೊದಲ ನಾಲ್ವರು ಪ್ರಜೆಗಳು ತೃಪ್ತರಾಗಿರುತ್ತಾರೆ. ಐದನೆಯವನಿಂದ ಅಸಂತೋಷ ತೊಡಗುತ್ತದೆ. ಪಟ್ಟಣಗಳ ಸಂಖ್ಯೆ ಒಂದು ಮಿತಿಯನ್ನು ಮೀರಿದಾಗ ಈ ಅಸಂತೋಷ ಇನ್ನೂ ಬೇಗ ತಲೆದೋರುತ್ತದೆ. ಸಂತುಷ್ಟರಿಗಿಂತ ಅಸಂತುಷ್ಟರು ಹೆಚ್ಚಾದ ಊರಿನಲ್ಲಿ ದಂಗೆಯೆದ್ದು ಉತ್ಪಾದನೆ, ತೆರಿಗೆ, ವಿದ್ಯೆ ಮೂರೂ ನಿಂತುಹೋಗುತ್ತವೆ. ದೇಗುಲದ ನಿರ್ಮಾಣ, ಸೌಕರ್ಯದ ಪಾಲಿನ ಹೆಚ್ಚಳ, ಕೆಲವು ಪ್ರಜೆಗಳನ್ನು ದುಡಿಮೆಯಿಂದ ಬಿಡಿಸಿ ಕಲಾವಿದರನ್ನಾಗಿಸುವುದು ಇದಕ್ಕೆ ಪರಿಹಾರಗಳು. ಪ್ರತಿಯೊಂದಕ್ಕೂ ಬೆಲೆಯಿದೆ. ಆದರೆ ನಿಂತುಹೋದ ಊರಿನ ಬೆಲೆ ಅವೆಲ್ಲಕ್ಕಿಂತ ಹೆಚ್ಚು. ಐದನೆಯ ಪ್ರಜೆ ಹುಟ್ಟುವ ಮೊದಲೇ ದೇಗುಲದ ಕೆಲಸ ಆರಂಭವಾಗಿರಬೇಕೆಂಬುದು ಅನುಭವಿಗಳ ನಿಯಮ.

ಆಟ ಹೇಳದಿರುವ ಮಾತು

ಇಷ್ಟನ್ನು ಕಲಿತ ವಿದ್ಯಾರ್ಥಿ ಆಟದಲ್ಲಿ ಗೆಲ್ಲಬಹುದು. ಆದರೆ ಆಟ ಕಲಿಸದ ಸಂಗತಿಯೊಂದನ್ನು ತಿಳಿಯದಿದ್ದರೆ ಆ ಗೆಲುವು ಅಪಾಯಕರ. ಪಟ್ಟಣದ ಕಣಜ ಬರಿದಾಗಿ ಆಹಾರ ಸಾಲದೆ ಹೋದಾಗ ಪರದೆಯ ಮೇಲೆ ಐದು ಎಂಬ ಅಂಕಿ ನಾಲ್ಕಾಗುತ್ತದೆ. ಅಷ್ಟೆ. ಯಾರು ಹಸಿದರು, ಯಾರು ಉಂಡರು, ಸತ್ತವರು ಯಾವ ಕೇರಿಯವರು ಎಂಬ ಪ್ರಶ್ನೆಗೆ ಅಲ್ಲಿ ಸ್ಥಳವಿಲ್ಲ. ಆಟದ ಕ್ಷಾಮಕ್ಕೆ ಕಾರಣ ಒಂದೇ, ಧಾನ್ಯದ ಅಭಾವ. ನಿಜಜೀವನದ ಕ್ಷಾಮ ಹಾಗಲ್ಲ. 1943ರ ಬಂಗಾಳದ ಕ್ಷಾಮವೇ ಮೊದಲಾದುವನ್ನು ಪರಿಶೀಲಿಸಿದ ಅಮರ್ತ್ಯ ಸೇನ್ ಅವರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಧಾನ್ಯವಿದ್ದೂ ಅದನ್ನು ಪಡೆಯುವ ಸಾಮರ್ಥ್ಯ ಕೆಲವು ವರ್ಗದ ಜನರ ಕೈತಪ್ಪಿದಾಗಲೂ ಕ್ಷಾಮ ಸಂಭವಿಸುತ್ತದೆಂದು ತೋರಿಸಿಕೊಟ್ಟರು. ಕಣಜದಲ್ಲಿ ಎಷ್ಟಿದೆ ಎಂಬುದರಷ್ಟೇ ಮುಖ್ಯವಾದುದು ಅದು ಯಾರ ತಟ್ಟೆಗೆ ತಲುಪುತ್ತದೆ ಎಂಬುದು.

ಈ ಎರಡನೆಯ ಪ್ರಶ್ನೆ ಶರಣರ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರು ದುಡಿಮೆಯನ್ನು ಕಾಯಕವೆಂದೂ, ದುಡಿಮೆಯ ಫಲದ ವಿನಿಯೋಗವನ್ನು ದಾಸೋಹವೆಂದೂ ಒಂದೇ ಬಾಳಿನ ಎರಡು ಮುಖಗಳನ್ನಾಗಿ ಎತ್ತಿಹಿಡಿದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ತಂದಲ್ಲಿಗೇ ಹಿಂದಿರುಗಿಸಲು ಹೇಳಿದರೆಂಬ ಕಥೆ ಎಲ್ಲರಿಗೂ ತಿಳಿದುದೇ. ಸಂಪತ್ತನ್ನು ಬೆಳೆಸುವ ವಿದ್ಯೆಗೆ ‘ಇಷ್ಟು ಸಾಕು’ ಎನ್ನುವ ವಿವೇಕವೂ, ‘ಇದು ಎಲ್ಲರದು’ ಎನ್ನುವ ಭಾವವೂ ಸೇರಿದಾಗಲೇ ಅದು ಪೂರ್ಣವಾಗುತ್ತದೆ. ನಾಡಿನ ಮಠಗಳ ಪ್ರಸಾದನಿಲಯಗಳಲ್ಲಿ ಪಂಕ್ತಿಯಲ್ಲಿ ಕುಳಿತು ಉಂಡು ಓದಿದ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಟಗಾರನ ಬಳಿ ಇನ್ನೊಂದು ಬೊಕ್ಕಸವಿದೆ. ಅದು ಅವನ ಕಾಲ. ‘ಇನ್ನೊಂದೇ ಸರದಿ’ ಎನ್ನುತ್ತ ರಾತ್ರಿ ಕಳೆಯುವುದು ಈ ಆಟಗಾರರಲ್ಲಿ ಪ್ರಸಿದ್ಧವಾದ ದೌರ್ಬಲ್ಯ. ಕಾಡನ್ನು ಆರಿಸಿಕೊಂಡರೆ ಹುಲ್ಲುಗಾವಲನ್ನು ಬಿಡಬೇಕೆಂಬ ನಿಯಮ ಪರದೆಯ ಹೊರಗೂ ಅಷ್ಟೇ ಸತ್ಯ. ಆಟದ ಗಂಟೆಗಳ ನಿಜವಾದ ಬೆಲೆ ಆ ಗಂಟೆಗಳಲ್ಲಿ ಓದದೆ ಉಳಿದ ಪಾಠ, ಮಾಡದೆ ಉಳಿದ ಕೆಲಸ. ವಾರದಲ್ಲಿ ಇಂತಿಷ್ಟು ಸರದಿಗಳೆಂದು ಮೊದಲೇ ಗೊತ್ತುಮಾಡಿಕೊಂಡು, ಸಹಪಾಠಿಗಳೊಡನೆ ಕುಳಿತು ಪ್ರತಿ ನಿರ್ಧಾರದ ಕಾರಣವನ್ನು ಬಾಯಿಬಿಟ್ಟು ಹೇಳುತ್ತ ಆಡಿದರೆ ಆಟವೇ ಒಂದು ಪಾಠವಾಗುತ್ತದೆ.

ಮೊದಲು ಅನ್ನ, ಆ ಮೇಲೆ ಬಿತ್ತನೆ; ಪೋಷಿಸಲು ಶಕ್ತಿಯಿರುವಷ್ಟೇ ಕಟ್ಟಡ; ಸಮೃದ್ಧಿ ಬಂದ ಮೇಲೆ ವೈಭವ; ಎಲ್ಲ ಕಾಲದಲ್ಲಿಯೂ ಪ್ರಜೆಯ ನೆಮ್ಮದಿ. ಆರಂಭಿಕನು ಈ ನಾಲ್ಕನ್ನು ನೆನಪಿಟ್ಟರೆ ಸಾಕು. ನಾಳೆ ಗ್ರಾಮಪಂಚಾಯಿತಿಯಲ್ಲಿಯೋ, ಸಹಕಾರ ಸಂಘದಲ್ಲಿಯೋ, ಸ್ವಂತ ಮನೆಯಲ್ಲಿಯೋ ಆಯವ್ಯಯದ ಹೊಣೆ ಅವನ ಪಾಲಿಗೆ ಬಂದೇ ಬರುತ್ತದೆ. ಅಲ್ಲಿ ಕಳೆದುಹೋದ ಸರದಿಯನ್ನು ಮತ್ತೆ ಆಡಲು ಬರುವುದಿಲ್ಲ. ಅಲ್ಲಿ ಐದು ನಾಲ್ಕಾದರೆ ಅದು ಅಂಕಿಯಾಗಿರುವುದಿಲ್ಲ, ಒಂದು ಮನೆಯ ಮನುಷ್ಯನಾಗಿರುತ್ತಾನೆ.